ಕುಸಿದ ಚಾಲಕನ ಸೀಟು: ದುರಸ್ತಿ ಅಡಿಯಿಂದ ಆರಂಭವಾಗಲಿ

ಮಾರುತಿ 800 ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಈಗ ರಸ್ತೆಯಲ್ಲಿರುವ ಆ ಕಾರುಗಳಲ್ಲಿ ತೀರಾ ಹೊಸದಕ್ಕೂ ಹತ್ತು ವರ್ಷ ದಾಟಿದೆ. ಎಂಜಿನ್ ಇನ್ನೂ ಗಟ್ಟಿಮುಟ್ಟಾಗಿರುವ ಇಂಥ ಎಷ್ಟೋ ಹಳೆಯ ಗಾಡಿಗಳಲ್ಲಿ ಮೊದಲು ಸೋಲುವುದು ಚಾಲಕನ ಸೀಟು. ಹೆಚ್ಚಿನವರು ಅದರ ಮೇಲೊಂದು ದಿಂಬು ಇಡುತ್ತಾರೆ, ಇಲ್ಲವೇ ಹೊಸ ಸೀಟ್ ಕವರ್ ಹೊದಿಸುತ್ತಾರೆ. ಎರಡೂ ದುರಸ್ತಿಯಲ್ಲ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ದಿಂಬು ಜಾರುತ್ತದೆ. ಕವರ್ ತಗ್ಗನ್ನು ಮುಚ್ಚುತ್ತದೆಯೇ ಹೊರತು ತುಂಬುವುದಿಲ್ಲ. ಸೊಂಟ ಒಂದು ಕಡೆ ವಾಲಿಸಿಕೊಂಡು ಗಂಟೆಗಟ್ಟಲೆ ಕೂತರೆ ನೋವು ಉಣ್ಣುವುದು ಬೆನ್ನು.

ಮೊದಲು ರೋಗ ಗುರುತಿಸಿ. ನಮ್ಮಲ್ಲಿ ಚಾಲಕ ಬಲಬಾಗಿಲಿನಿಂದ ಹತ್ತಿಳಿಯುವುದರಿಂದ ಸೀಟಿನ ಬಲ ಅಂಚಿನ ಉಬ್ಬು ದಿನವೂ ತಿಕ್ಕಿಸಿಕೊಳ್ಳುತ್ತದೆ. ಅಲ್ಲಿಯ ಹೊಲಿಗೆ ಬಿಚ್ಚಿ, ಒಳಗಿನ ಫೋಮ್ ಪುಡಿಯಾಗಿರುತ್ತದೆ. ಸೀಟಿನ ಕೆಳಗೆ ಹಳದಿ ಪುಡಿ ಉದುರಿದ್ದರೆ ಫೋಮ್ ಸತ್ತಿದೆ ಎಂದೇ ಅರ್ಥ. ಮುಷ್ಟಿಯಿಂದ ನಡುಭಾಗವನ್ನು ಒತ್ತಿ. ಗಟ್ಟಿ ತಂತಿ ಕೈಗೆ ತಾಗಿದರೆ ಅಥವಾ ಟಣ್ ಎಂಬ ಸದ್ದು ಬಂದರೆ ಸ್ಪ್ರಿಂಗ್ ಮುರಿದಿದೆ. ಇಡೀ ಸೀಟೇ ಅಲ್ಲಾಡುತ್ತಿದ್ದರೆ ತೊಂದರೆ ಇರುವುದು ಸೀಟು ಜಾರುವ ಹಳಿಯಲ್ಲಿ. ಹಳಿಯ ಹಲ್ಲು ಸವೆದಿದ್ದರೆ ತಟ್ಟಿ ಸರಿಮಾಡುವ ಗೋಜಿಗೆ ಹೋಗಬೇಡಿ, ಹಳಿಯನ್ನೇ ಬದಲಾಯಿಸಿ. ಅಪಘಾತದಲ್ಲಿ ಚಾಲಕನನ್ನು ಹಿಡಿದಿಡುವುದರಲ್ಲಿ ಅದರ ಪಾಲೂ ಇದೆ.

ಸೀಟು ಬಿಚ್ಚುವುದು ಸುಲಭ. ಹಿಂದಿನ ರಾತ್ರಿಯೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಸೀಟನ್ನು ಪೂರ್ತಿ ಹಿಂದೆ ಸರಿಸಿ ಮುಂದಿನ ಬೋಲ್ಟ್‌ಗಳನ್ನು, ಪೂರ್ತಿ ಮುಂದೆ ಸರಿಸಿ ಹಿಂದಿನವನ್ನು ಬಿಚ್ಚಿ. ಕಳೆದುಹೋದ ಬೋಲ್ಟ್‌ಗೆ ಬದಲಾಗಿ ಕೈಗೆ ಸಿಕ್ಕಿದ್ದನ್ನು ಹಾಕಬೇಡಿ. ತಲೆಯ ಮೇಲೆ 8.8 ಅಥವಾ ಅದಕ್ಕಿಂತ ಹೆಚ್ಚಿನ ಅಂಕಿ ಅಚ್ಚಾಗಿರುವ ಗಟ್ಟಿ ಬೋಲ್ಟ್ ಬೇಕು. ಸೀಟಿನ ಬದಿಯಲ್ಲೇ ಏರ್‌ಬ್ಯಾಗ್ ಇರುವ ಗಾಡಿಯಾದರೆ ಈ ಕೆಲಸವನ್ನು ಮನೆಯಲ್ಲಿ ಮಾಡಲೇಬೇಡಿ.

ಹೊದಿಕೆ ತೆಗೆಯುವ ಮುನ್ನ ಕೆಳಭಾಗದ ಫೋಟೊ ತೆಗೆದುಕೊಳ್ಳಿ. ಹೊದಿಕೆಯನ್ನು ಫ್ರೇಮಿಗೆ ಹಿಡಿದಿರುವ ಸಣ್ಣ ತಂತಿ ಬಳೆಗಳನ್ನು ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ. ಅಂಚಿನ ಮಡಿಕೆಯೊಳಗೆ ತೂರಿಸಿರುವ ಉದ್ದ ತಂತಿಯನ್ನು ಮಾತ್ರ ಎಸೆಯಬೇಡಿ. ಮತ್ತೆ ಕಟ್ಟುವಾಗ ಬಟ್ಟೆ ಹರಿಯದಂತೆ ತಡೆಯುವುದು ಅದೇ.

ನಿಜವಾದ ಕೆಲಸ ಇರುವುದು ಈ ಬೆತ್ತಲೆ ಫ್ರೇಮಿನಲ್ಲಿ. ಮಳೆಗಾಲದ ಒದ್ದೆ ಬಟ್ಟೆ, ಬೆವರು, ಕಾಲಡಿಯ ತೇವ ಎಲ್ಲ ಸೇರಿ ಕಬ್ಬಿಣವನ್ನು ತಿಂದಿರುತ್ತವೆ. ತಂತಿ ಬ್ರಷ್ಷಿನಿಂದ ಉಜ್ಜಿ, ಉಪ್ಪುಕಾಗದ ತಿಕ್ಕಿ, ರೆಡ್ ಆಕ್ಸೈಡ್ ಬಳಿದು ಮೇಲೆ ಬಣ್ಣ ಹಚ್ಚಿ. ಫ್ರೇಮಿನ ಕೊಳವೆ ಬಿರುಕು ಬಿಟ್ಟಿದ್ದರೆ ಬಣ್ಣಕ್ಕೆ ಮುಂಚೆಯೇ ವೆಲ್ಡಿಂಗ್ ಮಾಡಿಸಬಹುದು, ಆದರೆ ಫೋಮ್ ದೂರದಲ್ಲಿರಲಿ. ಅದಕ್ಕೆ ಕಿಡಿ ತಾಗಿದರೆ ಭುಗಿಲ್ಲನೆ ಹತ್ತಿಕೊಳ್ಳುತ್ತದೆ, ಹೊಗೆಯೂ ವಿಷ. ಹಾವಿನಂತೆ ಬಳುಕಿರುವ ಸ್ಪ್ರಿಂಗ್ ತಂತಿ ಮುರಿದಿದ್ದರೆ ಅದಕ್ಕೆ ಮಾತ್ರ ವೆಲ್ಡಿಂಗ್ ಬೇಡ. ಕಾವಿಗೆ ಉಕ್ಕಿನ ಹದ ಕೆಟ್ಟು, ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಅದೇ ದಪ್ಪದ, ಅದೇ ಉದ್ದದ ಹೊಸ ಸ್ಪ್ರಿಂಗ್ ಹಾಕಿ. ಕೊಕ್ಕೆಯಿಂದ ಕಳಚಿಕೊಂಡದ್ದಾದರೆ ಕೊಕ್ಕೆಯನ್ನು ಬಿಗಿಗೊಳಿಸಿದರೆ ಸಾಕು.

ಸ್ಪ್ರಿಂಗ್ ಮತ್ತು ಫೋಮ್ ನಡುವೆ ಒಂದು ಪದರ ಇರಲೇಬೇಕು. ಹಳೆಯ ಕೆಲಸಗಾರರು ಗೋಣಿ ಹಾಕುತ್ತಿದ್ದರು, ಈಗ ದಪ್ಪ ಕ್ಯಾನ್ವಾಸ್ ಸಿಗುತ್ತದೆ. ಈ ಬಟ್ಟೆ ಇಲ್ಲದಿದ್ದರೆ ಪ್ರತಿ ಕುಲುಕಾಟಕ್ಕೂ ತಂತಿ ಫೋಮನ್ನು ಕೊಯ್ಯುತ್ತಾ ಹೋಗುತ್ತದೆ. ಅವಸರದಲ್ಲಿ ಮಾಡಿಕೊಡುವ ಕಡೆ ಬಿಟ್ಟುಹೋಗುವುದು ಇದೇ ಪದರ. ನಿಂತು ನೋಡಿ ಹಾಕಿಸಿಕೊಳ್ಳಿ.

ಫೋಮ್ ಪೂರ್ತಿ ಬದಲಿಸುವ ಅಗತ್ಯ ಎಲ್ಲ ಸಲವೂ ಇರುವುದಿಲ್ಲ. ಕಂಪನಿಯ ಅಚ್ಚಿನ ಫೋಮಿನ ಆಕಾರ ಚೆನ್ನಾಗಿರುತ್ತದೆ, ಅದನ್ನು ಉಳಿಸಿಕೊಳ್ಳುವುದೇ ಜಾಣತನ. ಪುಡಿಯಾದ ಭಾಗವನ್ನಷ್ಟೇ ಗರಗಸದ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ತೆಗೆದು, ಅದೇ ಅಳತೆಗೆ ಹೊಸ ತುಂಡನ್ನು ಕೂರಿಸಿ. ಹಾಸಿಗೆ ಅಂಗಡಿಯ ಮೆತ್ತನೆಯ ಸ್ಪಂಜು ಕೆಲವೇ ತಿಂಗಳಲ್ಲಿ ಚಪ್ಪಟೆಯಾಗುತ್ತದೆ. ಕೂರುವ ಭಾಗಕ್ಕೆ 40 ಡೆನ್ಸಿಟಿಯ ಫೋಮ್ ಕೇಳಿ. ಒಂದು ಘನ ಮೀಟರ್ ಫೋಮ್ 40 ಕಿಲೋ ತೂಗುತ್ತದೆ ಎಂಬುದು ಆ ಅಂಕಿಯ ಲೆಕ್ಕ. ಚೂರುಗಳನ್ನು ಒತ್ತಿ ಮಾಡಿದ ರೀಬಾಂಡೆಡ್ ಫೋಮ್ ಇನ್ನೂ ಗಟ್ಟಿ. ಬಲ ಅಂಚಿನ ಅಡಿಗೆ ಅದು ಸರಿ, ತೊಡೆಯ ಕೆಳಗೆ ಬೇಡ. ರಬ್ಬರ್ ಅಂಟನ್ನು ಎರಡೂ ಮುಖಗಳಿಗೆ ತೆಳುವಾಗಿ ಬಳಿದು, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಜೋಡಿಸಿ ಒತ್ತಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಕೊನೆಗೆ ಅರ್ಧ ಇಂಚಿನ ಮೆತ್ತನೆಯ ಫೋಮನ್ನು ಮೇಲಿಡೀ ಹಾಸಿದರೆ ತೇಪೆಯ ಗೆರೆ ಚುಚ್ಚುವುದಿಲ್ಲ.

ಹೊದಿಕೆಯ ಹೊಲಿಗೆ ಮಾತ್ರ ಬಿಟ್ಟಿದ್ದರೆ ಬಾಗಿದ ಸೂಜಿ, ನೈಲಾನ್ ದಾರ ಸಾಕು. ಹತ್ತಿಯ ದಾರ ಬೆವರಿಗೆ ಕೊಳೆಯುತ್ತದೆ. ಬಟ್ಟೆಯೇ ಹರಿದಿದ್ದರೆ ಹಳೆಯ ಹೊದಿಕೆಯ ಹೊಲಿಗೆ ಬಿಚ್ಚಿ, ತುಂಡುಗಳನ್ನು ಅಳತೆಗೆ ಇಟ್ಟುಕೊಂಡು ಹೊಸದನ್ನು ಕತ್ತರಿಸಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಇದಕ್ಕೆ ಬೇಕಾದ ಸಾಮಾನು ಸಿಗುತ್ತದೆ. ಊರೂರಿನ ಕುಷನ್ ವರ್ಕ್ಸ್‌ನಲ್ಲಿ ಹೊಲಿಗೆಯನ್ನಷ್ಟೇ ಮಾಡಿಸಿಕೊಳ್ಳಲೂಬಹುದು. ಪೂರ್ತಿ ರೆಕ್ಸಿನ್ ನಮ್ಮ ಬಿಸಿಲಿಗೆ ಹಿಂಸೆ. ನಡುವೆ ಗಾಳಿಯಾಡುವ ಬಟ್ಟೆ, ತಿಕ್ಕಾಟದ ಅಂಚಿಗೆ ರೆಕ್ಸಿನ್ ಎಂಬುದು ನನ್ನ ಆಯ್ಕೆ. ಹೊದಿಸುವ ಮೊದಲು ರೆಕ್ಸಿನನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಮೆದುವಾಗಿ ಎಳೆತಕ್ಕೆ ಬಗ್ಗುತ್ತದೆ. ಮುಂಭಾಗದ ನಡುವಿನಿಂದ ಆರಂಭಿಸಿ ಹಿಂದಕ್ಕೆ, ಆಮೇಲೆ ಬದಿಗಳಿಗೆ ಎಳೆದು ಕಟ್ಟಿ. ತಂತಿ ಬಳೆ ಸಿಗದಿದ್ದರೆ ಗಟ್ಟಿಮುಟ್ಟಾದ ಕೇಬಲ್ ಟೈ ಆಗುತ್ತದೆ.

ಮರಳಿ ಕೂರಿಸುವಾಗ ಹಳಿಯ ಕಸ ಒರೆಸಿ ತುಸುವೇ ಗ್ರೀಸ್ ಹಚ್ಚಿ, ಹೆಚ್ಚಾದರೆ ಮರಳು ಹಿಡಿಯುತ್ತದೆ. ಎಲ್ಲ ಬೋಲ್ಟ್‌ಗಳನ್ನೂ ಕೈಯಿಂದ ತಿರುಗಿಸಿಕೊಂಡ ನಂತರವೇ ಸ್ಪ್ಯಾನರ್ ಹಿಡಿಯಿರಿ. ಸೀಟಿನಲ್ಲಿ ಕೂತು, ಎರಡೂ ಕಾಲುಗಳನ್ನು ನೆಲಕ್ಕೆ ಊರಿ ಜೋರಾಗಿ ಹಿಂದಕ್ಕೆ ತಳ್ಳಿ ನೋಡಿ. ಹಳಿಯ ಎರಡೂ ಬದಿಯ ಲಾಕ್ ಕಚ್ಚಿಕೊಂಡಿರಬೇಕು. ಸೀಟು ಎತ್ತರವಾಗಿರುವುದರಿಂದ ಮೂರೂ ಕನ್ನಡಿಗಳನ್ನು ಹೊಸದಾಗಿ ಹೊಂದಿಸಿಕೊಳ್ಳಿ. ಒಂದು ವಾರ ಓಡಿಸಿದ ಮೇಲೆ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ.