ಗೊಂಬೆ ಮೆಟ್ಟಿಲಿನ ಮೇಲೆ ಕುಲಾವಿ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಎಂಬ ಮಾತನ್ನು ನಮ್ಮ ಅತ್ತೆ ಅಕ್ಷರಶಃ ನಂಬಿದವರು. ಹೆಂಡತಿ ಹೆರಿಗೆಗೆಂದು ಮಂಡ್ಯದ ತವರಿಗೆ ಹೊರಟಾಗ, ‘ಮಗು ಹುಟ್ಟುವವರೆಗೆ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬೇಡಿ’ ಎಂದು ನನಗೆ ತಾಕೀತು ಮಾಡಿದ್ದರು. ಫೆಬ್ರುವರಿಯಲ್ಲಿ ಮಗಳು ಹುಟ್ಟಿದಳು. ಐದನೆಯ ತಿಂಗಳಿಗೆ ತಾಯಿ, ಮಗು ಮೈಸೂರಿಗೆ ಬರುವುದೆಂದು ನಿಶ್ಚಯವಾಯಿತು. ನನ್ನ ಪಾಲಿಗಿದ್ದದ್ದು ಒಂದು ಬೇಸಿಗೆ, 5,000 ರೂಪಾಯಿ, ಮತ್ತು ಅಗ್ರಹಾರದ ಹಳೆಯ ಬಾಡಿಗೆ ಮನೆಯ ಸಾಮಾನು ಕೋಣೆ. ಅದನ್ನೇ ಮಗುವಿನ ಕೋಣೆಯಾಗಿಸಬೇಕಿತ್ತು. ಎಂಟಡಿ ಉದ್ದ, ಏಳಡಿ ಅಗಲ, ಒಂದೇ ಕಿಟಕಿ, ಕೆಂಪು ಗಾರೆಯ ನೆಲ.

ಎಲ್ಲರಂತೆ ನಾನೂ ಶುರು ಮಾಡಿದ್ದು ಅಲಂಕಾರದಿಂದಲೇ. ದೇವರಾಜ ಅರಸು ರಸ್ತೆಯಿಂದ 350 ರೂಪಾಯಿಯ ಸ್ಟಿಕರ್ ತಂದು ಭಾನುವಾರ ಗೋಡೆಗೆ ಅಂಟಿಸಿದೆ. ಆನೆ, ಜಿರಾಫೆ, ಮೋಡ. ಬುಧವಾರದ ಹೊತ್ತಿಗೆ ಆನೆಯ ಸೊಂಡಿಲು ಸುರುಳಿ ಸುತ್ತಿಕೊಂಡಿತ್ತು. ಜಿರಾಫೆ ನೆಲದ ಮೇಲಿತ್ತು. ಹಿಂದಿನ ಮಳೆಗಾಲದ ತೇವ ಮೊಣಕಾಲೆತ್ತರದವರೆಗೆ ಉಳಿದಿತ್ತು, ಮೂಲೆಯಲ್ಲಿ ಬೂಷ್ಟು. ಸ್ಟಿಕರ್ ಬಿದ್ದದ್ದೇ ಒಳ್ಳೆಯದಾಯಿತು. ಇಲ್ಲದಿದ್ದರೆ ಆ ಬೂಷ್ಟನ್ನು ಮೋಡದ ಚಿತ್ರದ ಹಿಂದೆ ಮುಚ್ಚಿಟ್ಟು, ಪಕ್ಕದಲ್ಲೇ ಮಗುವನ್ನು ಮಲಗಿಸುತ್ತಿದ್ದೆ.

ಹೊರಗೆ ಹೋಗಿ ನೋಡಿದರೆ ಅದೇ ಗೋಡೆಗೆ ಒತ್ತಿಕೊಂಡು ಒಂದೂವರೆ ಅಡಿ ಮಣ್ಣು, ಒಡೆದ ಹೆಂಚು, ಯಾರೋ ಎಂದೋ ಇಟ್ಟು ಮರೆತ ಹೂಕುಂಡ. ಎರಡು ದಿನ ಅಗೆದು ಸಾಗಿಸಿದೆ. ಬೆನ್ನುನೋವು ಬಿಟ್ಟರೆ ಅದಕ್ಕೆ ಖರ್ಚಾಗಲಿಲ್ಲ. ಒಳಗಿನ ಗೋಡೆಗೆ ಪ್ಲಾಸ್ಟಿಕ್ ಎಮಲ್ಷನ್ ಬಳಿಯುವುದೆಂದುಕೊಂಡಿದ್ದೆ. ಬೀದಿಯಲ್ಲಿ ಬಣ್ಣದ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ, ‘ಇದು ಸುಣ್ಣದ ಗಾರೆ ಸ್ವಾಮಿ. ಪ್ಲಾಸ್ಟಿಕ್ ಬಳಿದರೆ ಒಳಗಿನ ತೇವಕ್ಕೆ ದಾರಿ ಇರುವುದಿಲ್ಲ, ಬಣ್ಣವನ್ನೇ ಎಬ್ಬಿಸುತ್ತದೆ. ಸುಣ್ಣ ಹೊಡೆಯಿರಿ’ ಎಂದರು. ಸುಣ್ಣ ತೇವವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಅದರ ಕ್ಷಾರಕ್ಕೆ ಬೂಷ್ಟೂ ಸುಲಭವಾಗಿ ಹತ್ತುವುದಿಲ್ಲ.

ಸಂತೇಪೇಟೆಯಿಂದ ಸುಣ್ಣ, ಗೋಂದು, ಒಂದು ಪೊಟ್ಟಣ ಹಳದಿ ಮಣ್ಣಿನ ಬಣ್ಣ ತಂದೆ. ಕುಂಚವೂ ಸೇರಿ 780 ರೂಪಾಯಿ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕೊತಕೊತ ಕುದಿಯುತ್ತದೆ; ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕನ್ನಡಕ, ಕೈಗವಸು ಹಾಕಿಕೊಂಡು, ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ನೀರಿಗೆ ಹಾಕುತ್ತಾ ಅರಳಿಸಿದೆ. ಒಂದು ದಿನ ನೆನೆಯಲು ಬಿಟ್ಟು, ಹಳೆಯ ಪಂಚೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿದ ಗೋಂದನ್ನು ಬೆರೆಸಿದೆ. ಮೊದಲ ಸಲ ಆತುರಕ್ಕೆ ಮಜ್ಜಿಗೆಹುಳಿಯಷ್ಟು ಗಟ್ಟಿಯಾಗಿ ಬಳಿದುಬಿಟ್ಟೆ. ಒಣಗಿದ ಮೇಲೆ ಕೈ ತಾಗಿಸಿದರೆ ಹಿಟ್ಟಿನಂತೆ ಉದುರಿತು. ಎಲ್ಲವನ್ನೂ ಕೆರೆದು, ಗೋಡೆಗೆ ನೀರು ಚಿಮುಕಿಸಿ, ನೀರುಮಜ್ಜಿಗೆಯ ಹದದಲ್ಲಿ ಮೂರು ಸಲ ಬಳಿದೆ. ಹಸಿಯಿದ್ದಾಗ ಏನೂ ಕಾಣದ ಗೋಡೆ, ಒಣಗುತ್ತಾ ಒಣಗುತ್ತಾ ಬೆಣ್ಣೆಯ ಬಣ್ಣಕ್ಕೆ ತಿರುಗುವುದನ್ನು ನೋಡುತ್ತಾ ಆ ದಿನ ಕಚೇರಿಗೆ ತಡವಾಗಿ ಹೋದೆ.

ಆದರೂ ಸುಣ್ಣ ಮೈಗೆ ಹತ್ತುವುದು ಹತ್ತುವುದೇ. ತೆವಳುವ ಮಗು ಗೋಡೆಗೆ ಒರಗದಂತೆ, ಕೆಳಗಿನ ಮೂರಡಿಗೆ ಅಮ್ಮನ ಎರಡು ಹಳೆಯ ನೂಲಿನ ಸೀರೆಗಳನ್ನು ನಿರಿಗೆಯಿಲ್ಲದೆ ಬಿಗಿಯಾಗಿ ಕಟ್ಟಿದೆ. ಕೋಣೆಯ ನಿಜವಾದ ಅಲಂಕಾರವೆಂದರೆ ಆ ಸೀರೆಗಳ ಅಂಚೇ.

ಕಿಟಕಿಯ ವಿಷಯದಲ್ಲಿ ನಾನು ಜಿಪುಣತನ ಮಾಡಲಿಲ್ಲ. ಅದರ ಮೇಲೆ ಎಷ್ಟು ಕಾಲದ ಬಣ್ಣವಿತ್ತೋ, ಹಪ್ಪಳದಂತೆ ಏಳುತ್ತಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಹಳೆಯ ಬಣ್ಣದ ಚೂರು ಮಗುವಿನ ಬಾಯಿಗೆ ಹೋದರೆ ಕೆಡುಕು. ಒಣಗಿದ್ದಾಗ ಉಜ್ಜಿದರೆ ಧೂಳು ಮನೆಯೆಲ್ಲ ಹರಡುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿ, ನೀರು ಹಚ್ಚಿಕೊಂಡೇ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಮೂರು ಸಲ ಒರೆಸಿ, ಸೀಸವಿಲ್ಲ ಎಂದು ಡಬ್ಬಿಯ ಮೇಲೆ ನಮೂದಿಸಿದ್ದ ಎನಾಮಲ್ ಬಳಿದೆ. 640 ರೂಪಾಯಿ.

ಬಟ್ಟೆಬರೆ ಇಡಲು ಗೋಡೆಯಲ್ಲೇ ಒಂದು ದೊಡ್ಡ ಗೂಡಿತ್ತು, ಹಲಗೆಗಳನ್ನು ಗೆದ್ದಲು ತಿಂದಿತ್ತು. ಹೊಸ ಹಲಗೆಯ ಬೆಲೆ ಕೇಳಿ ಬರಿಗೈಯಲ್ಲಿ ಬಂದವನಿಗೆ ಅಟ್ಟದ ಮೇಲಿನ ದಸರಾ ಗೊಂಬೆಯ ಮೆಟ್ಟಿಲು ಹೊಳೆಯಿತು. ಮೂರು ಹಲಗೆ ಇಳಿಸಿದೆ. ಅರ್ಧ ಇಂಚು ಉದ್ದವಾದವು. ಗರಗಸ ತೆಗೆದೆನೋ ಇಲ್ಲವೋ, ಅಮ್ಮ ಬಾಗಿಲಲ್ಲಿ ನಿಂತಿದ್ದರು. ‘ನಿನ್ನಜ್ಜಿಯ ಕಾಲದ್ದು ಕಣೋ ಅದು. ನವರಾತ್ರಿಗೆ ನನಗೆ ಇದ್ದ ಹಾಗೇ ವಾಪಸ್ಸು ಬೇಕು.’ ಕೊನೆಗೆ ಹಲಗೆಯ ಬದಲು ಗೋಡೆಯ ಗಾರೆಯನ್ನು ಕೆತ್ತಿದೆ. ಮನೆಯ ಮಾಲೀಕರಿಗೆ ಇದನ್ನು ಇನ್ನೂ ಹೇಳಿಲ್ಲ.

ತೊಲೆಯಲ್ಲಿ ತೊಟ್ಟಿಲಿನ ಕೊಂಡಿಯೂ ಇತ್ತು. 25 ಕೆ.ಜಿ. ಅಕ್ಕಿ ಮೂಟೆಯನ್ನು ರಾತ್ರಿಯಿಡೀ ನೇತುಹಾಕಿ ಪರೀಕ್ಷಿಸಿದ ಮೇಲೆಯೇ ಹಗ್ಗ ಕಟ್ಟಿದ್ದು. ತೊಟ್ಟಿಲನ್ನು ನೆಲದಿಂದ ಒಂದೇ ಅಡಿ ಎತ್ತರಕ್ಕೆ ಇಳಿಬಿಟ್ಟೆ.

ಎಡವಿದ್ದು ಆಟಿಕೆಯಲ್ಲಿ. ಮಂಡ್ಯಕ್ಕೆ ಹೋದವನು ಮಗುವನ್ನು ನೋಡಿ, ಮುಂದೆ ಚನ್ನಪಟ್ಟಣಕ್ಕೂ ಹೋಗಿ 600 ರೂಪಾಯಿಗೆ ತೊಟ್ಟಿಲಿಗೆ ಕಟ್ಟುವ ಮರದ ಹಕ್ಕಿಗಳನ್ನು ತಂದೆ. ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಕೂರುತ್ತದೆ. ಹಕ್ಕಿಗಳು ಚೆನ್ನಾಗಿಯೇ ಇದ್ದವು. ಆದರೆ ಮಗು ಅಂಗೈ ಊರಿ ಎದೆಯೆತ್ತುವ ಹೊತ್ತಿಗೆ ತೊಟ್ಟಿಲಿನ ಮೇಲಿನ ದಾರ, ಗೊಂಬೆ ಎಲ್ಲವನ್ನೂ ಬಿಚ್ಚಿಬಿಡಬೇಕು, ಇಲ್ಲದಿದ್ದರೆ ದಾರ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಜುಲೈಯಲ್ಲಿ ಬಂದ ಮಗಳು ಆಗಲೇ ಎದೆಯೆತ್ತುತ್ತಿದ್ದಳು. ಹಕ್ಕಿಗಳು ತೊಟ್ಟಿಲಿನ ಮೇಲೆ ಇದ್ದದ್ದು ಒಂದು ಮಧ್ಯಾಹ್ನ. ಅತ್ತೆ ಅಕ್ಕರೆಯಿಂದ ಹೊಲಿದು ತಂದ ಸಾಸಿವೆ ದಿಂಬಿಗೂ ಅದೇ ಗತಿ. ವರ್ಷ ತುಂಬುವವರೆಗೆ ದಿಂಬು ಬೇಡವೆಂದು ವೈದ್ಯರು ಹೇಳಿದ್ದರು. ಅದನ್ನು ಅತ್ತೆಗೆ ತಿಳಿಸುವ ಕೆಲಸವನ್ನು ಹೆಂಡತಿಗೆ ಬಿಟ್ಟೆ. ದಿಂಬು, ಹಕ್ಕಿಗಳು ಎರಡೂ ಗೂಡಿನ ಮೇಲಿನ ಹಲಗೆ ಸೇರಿದವು.

ಸೊಳ್ಳೆಪರದೆ, ಕಿಟಕಿಯ ದಪ್ಪ ಪರದೆ, ಮಂದ ಬೆಳಕಿನ ಬಲ್ಬು ಸೇರಿ ಇನ್ನೊಂದು 1,270. ಬಿದ್ದುಹೋದ ಜಿರಾಫೆಯನ್ನೂ ಲೆಕ್ಕಕ್ಕೆ ಹಿಡಿದರೆ ಒಟ್ಟು 3,640 ರೂಪಾಯಿ. ಆ ಮಳೆಗಾಲದಲ್ಲಿ ಮೂಲೆಯಲ್ಲಿ ಅಂಗೈಯಗಲ ತೇವ ಕಂಡಿತು, ಬೂಷ್ಟು ಬರಲಿಲ್ಲ.

ನವರಾತ್ರಿಗೆ ಎರಡು ದಿನವಿರುವಾಗ ಅಮ್ಮ ಹಲಗೆ ಕೇಳಿದರು. ಕುಲಾವಿ, ಲಂಗೋಟಿಗಳೆಲ್ಲ ಬಿದಿರಿನ ಬುಟ್ಟಿಗೆ ಇಳಿದವು, ಹಲಗೆಗಳು ನಡುಮನೆಗೆ ಹೋದವು. ಪಟ್ಟದ ಗೊಂಬೆಗಳು ಎಂದಿನಂತೆ ಮೇಲಿನ ಮೆಟ್ಟಿಲಿನಲ್ಲಿ ಕುಳಿತವು. ಎಂಟು ತಿಂಗಳ ಮಗಳು ತೆವಳಿಕೊಂಡು ಬಂದು ಮೆಟ್ಟಿಲಿಗೆ ಹಾಸಿದ ಬಿಳಿ ಬಟ್ಟೆಯನ್ನು ಹಿಡಿದು ಎಳೆದಳು. ಆ ವರ್ಷ ಕೆಳಗಿನ ಎರಡು ಮೆಟ್ಟಿಲುಗಳನ್ನು ಖಾಲಿ ಬಿಟ್ಟೆವು.