ಟೆರೇಸಿನ ಬಿಸಿ, ಗೋಡೆಯ ಬಿರುಕು

ಕಾಸರಗೋಡು ಕಡೆ ಮುರಕಲ್ಲಿನ (ಲ್ಯಾಟರೈಟ್) ಗೋಡೆ ಕಟ್ಟಿ ಕಾಂಕ್ರೀಟ್ ಸ್ಲ್ಯಾಬ್ ಹಾಕಿದ ಮನೆಗಳಲ್ಲಿ, ಸ್ಲ್ಯಾಬಿನ ಸರಿ ಕೆಳಗೆ ಗೋಡೆಯುದ್ದಕ್ಕೂ ಗೆರೆ ಎಳೆದಂಥ ಬಿರುಕು ಬರುವುದುಂಟು. ಪಾಯ ಕುಸಿಯಿತೆಂದು ಹೆದರಬೇಡಿ. ಪಾಯ ಕುಸಿದರೆ ಬಿರುಕು ಸಾಮಾನ್ಯವಾಗಿ ಓರೆಯಾಗಿ, ಕಲ್ಲಿನ ಸಂದು ಹಿಡಿದು ಮೆಟ್ಟಿಲಿನಂತೆ ಇಳಿಯುತ್ತದೆ. ಮೇಲ್ತುದಿಯ ಅಡ್ಡ ಬಿರುಕು ಹೆಚ್ಚಾಗಿ ಬಿಸಿಲಿನ ಕೆಲಸ. 10 ಮೀಟರ್ ಉದ್ದದ ಸ್ಲ್ಯಾಬ್ 20 ಡಿಗ್ರಿ ಬಿಸಿಯೇರಿದರೆ ಸುಮಾರು 2 ಮಿ.ಮೀ. ಹಿಗ್ಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ಅಡಿಯ ಗೋಡೆ ಅಷ್ಟು ಬಿಸಿಯಾಗುವುದಿಲ್ಲ, ಅದರ ಜೊತೆ ಚಲಿಸುವುದೂ ಇಲ್ಲ. ಬೇಸಿಗೆಯಿಡೀ ಈ ಎಳೆದಾಟ ನಡೆದು, ಜೂನಿನಲ್ಲಿ ಅದೇ ಬಿರುಕಿನಿಂದ ನೀರು ಇಳಿಯುತ್ತದೆ.

ಹಾಗಾಗಿ ಶಾಖನಿರೋಧಕ ಪದರ ಸ್ಲ್ಯಾಬಿನ ಮೇಲೆಯೇ ಇರಬೇಕೆಂಬುದು ನನ್ನ ಹಠ. ಒಳಗೆ ಥರ್ಮೋಕೋಲ್ ಇಟ್ಟು ಫಾಲ್ಸ್ ಸೀಲಿಂಗ್ ಮಾಡಿದರೆ ಕೋಣೆ ತಂಪಾದೀತು, ಸ್ಲ್ಯಾಬ್ ಮಾತ್ರ ಮೊದಲಿನಂತೆಯೇ ಕಾಯುತ್ತದೆ, ಬಿರುಕೂ ಉಳಿಯುತ್ತದೆ.

ನಾನು ಹಾಕುವುದು 50 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ ಹಲಗೆ, ಎಂದರೆ ಒತ್ತಾಗಿ ತಯಾರಿಸಿದ ಗಟ್ಟಿ ಪಾಲಿಸ್ಟೈರೀನ್ ಫೋಮ್. ಅದರ ಉಷ್ಣವಾಹಕತೆ ಸುಮಾರು 0.03, ಕಾಂಕ್ರೀಟಿನದ್ದು 1.58. ಎಂದರೆ ಈ ಎರಡಿಂಚು ಹಲಗೆ ತಡೆಯುವಷ್ಟು ಶಾಖವನ್ನು ಕಾಂಕ್ರೀಟಿನಿಂದಲೇ ತಡೆಯಲು ಎರಡೂವರೆ ಮೀಟರಿಗಿಂತ ಹೆಚ್ಚು ದಪ್ಪ ಬೇಕು! ಬರೀ ಸ್ಲ್ಯಾಬಿನ ಯು-ಮೌಲ್ಯ (ಎಷ್ಟು ಶಾಖ ದಾಟಿಸುತ್ತದೆಂಬ ಅಳತೆ, ಕಡಿಮೆಯಿದ್ದಷ್ಟು ಒಳ್ಳೆಯದು) 3ರ ಮೇಲಿರುತ್ತದೆ. ಹಲಗೆ ಹಾಕಿದ ಮೇಲೆ 0.5ರ ಆಸುಪಾಸಿಗೆ ಇಳಿಯುತ್ತದೆ. ಮನೆಗಳಲ್ಲಿ ಇಂಧನ ಉಳಿಸಲು ಕೇಂದ್ರ ಸರ್ಕಾರ ತಂದ 2018ರ ಇಕೋ ನಿವಾಸ್ ಸಂಹಿತೆ ಮನೆಯ ಮಾಡಿಗೆ ಹೇಳುವ ಮಿತಿ 1.2.

ಕೆಲಸ ಡಿಸೆಂಬರಿನಲ್ಲಿ ಹಿಡಿದು ಏಪ್ರಿಲಿನೊಳಗೆ ಮುಗಿಸಬೇಕು. ಮೊದಲು 100ಕ್ಕೆ 1ರಂತೆ ಇಳಿಜಾರಿನ ಗಾರೆ. ಅದು ಒಣಗಿದ ಮೇಲೆ ನೀರು ತಡೆಯುವ ಪಾಲಿಮರ್ ಸಿಮೆಂಟಿನ ಎರಡು ಕೋಟ್, ಎರಡನೆಯದು ಮೊದಲಿನದಕ್ಕೆ ಅಡ್ಡವಾಗಿ. ಪ್ಯಾರಾಪೆಟ್ ಬುಡವನ್ನು ಗುಂಡಗೆ ಮಾಡಿ ಕೋಟನ್ನು ಒಂದಡಿ ಮೇಲಕ್ಕೆ ಏರಿಸಿ. ನಂತರ 48 ಗಂಟೆ ನೀರು ಕಟ್ಟಿ ನಿಲ್ಲಿಸಿ ಕೆಳಗಿನಿಂದ ನೋಡಬೇಕು. ಈ ಪರೀಕ್ಷೆ ಬಿಟ್ಟು ಹಲಗೆ ಮುಚ್ಚಿದರೆ, ಮುಂದೆ ಸೋರಿದಾಗ ಜಾಗ ಹುಡುಕಲು ಎಲ್ಲವನ್ನೂ ಒಡೆಯಬೇಕಾಗುತ್ತದೆ.

ಹಲಗೆಗಳನ್ನು ಸಂದು ಬಿಡದೆ, ಇಟ್ಟಿಗೆ ಕಟ್ಟಿದಂತೆ ಸಾಲು ತಪ್ಪಿಸಿ ಇಡಿ. ಪೆಟ್ರೋಲ್ ಅಥವಾ ಥಿನ್ನರ್ ಬೆರೆತ ಅಂಟು, ಟಾರ್ ಪ್ರೈಮರ್ ತಾಗಬಾರದು, ಹಲಗೆ ಕರಗಿ ಗುಳಿ ಬೀಳುತ್ತದೆ. ಬಿಸಿಲಿಗೆ ಬಹಳ ದಿನ ಬಿಟ್ಟರೆ ಮೇಲ್ಮೈ ಪುಡಿಯಾಗುತ್ತದೆ. ಇಟ್ಟ ವಾರದಲ್ಲೇ ಮುಚ್ಚಿ. ದುಡ್ಡು ಉಳಿಸಲು ಪ್ಯಾಕಿಂಗಿನ ಥರ್ಮೋಕೋಲ್ ತರಬೇಡಿ. ಅದು ಭಾರಕ್ಕೆ ಕುಗ್ಗುತ್ತದೆ, ಕಾಳಿನ ಸಂದುಗಳಲ್ಲಿ ನೀರು ಹಿಡಿಯುತ್ತದೆ. ನಿಂತ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖ ದಾಟಿಸುವುದರಿಂದ ಒದ್ದೆ ಹಲಗೆ ಇದ್ದೂ ಇಲ್ಲದಂತೆ.

ಹಲಗೆಯ ಮೇಲೆ ಜಿಯೋಟೆಕ್ಸ್‌ಟೈಲ್ ಎಂಬ ನೀರು ಸೋಸುವ ಸಿಂಥೆಟಿಕ್ ಬಟ್ಟೆ, ಅದರ ಮೇಲೆ ಕೋಳಿಬಲೆ ಸೇರಿಸಿದ 50 ಮಿ.ಮೀ. ಕಾಂಕ್ರೀಟು. ನಮ್ಮಲ್ಲಿ ಟೆರೇಸೆಂದರೆ ಅಡಿಕೆ ಒಣಗಿಸುವ ಅಂಗಳವೂ ಹೌದು, ಗೋಣಿ ಎಳೆದಾಡುತ್ತಾರೆ, ಇದಕ್ಕಿಂತ ತೆಳ್ಳಗೆ ಸಾಲದು. ಎರಡೂವರೆ ಮೀಟರಿಗೊಂದು ಸಂದು ಬಿಟ್ಟು ಸೀಲೆಂಟ್ ತುಂಬಿ. ಕೆಳಗೆ ಹಲಗೆ ಇರುವುದರಿಂದ ಈ ಪದರದ ಬಿಸಿ ಇಳಿದು ಹೋಗುವುದಿಲ್ಲ, ಸಂದಿಲ್ಲದಿದ್ದರೆ ಒಡೆಯುವುದು ಖಂಡಿತ. ಪ್ಯಾರಾಪೆಟ್ಟಿಗೂ ಇದಕ್ಕೂ ನಡುವೆಯೂ 10 ಮಿ.ಮೀ. ಬಿಡಬೇಕು, ಇಲ್ಲವಾದರೆ ಹಿಗ್ಗಿದಾಗ ಪ್ಯಾರಾಪೆಟ್ಟನ್ನೇ ಹೊರಗೆ ದೂಡುತ್ತದೆ.

ಹೊಸ ಮನೆಯಾದರೆ ಕಲ್ಲನ್ನೂ ನೋಡಿಕೊಳ್ಳಿ. ಒಣ ಕಲ್ಲು ತೂಗಿ, 24 ಗಂಟೆ ನೀರಲ್ಲಿಟ್ಟು ಮತ್ತೆ ತೂಗಿದರಾಯಿತು. 20 ಕಿಲೋ ಕಲ್ಲು 22.4 ಕಿಲೋ ದಾಟಬಾರದು, ಏಕೆಂದರೆ ಮುರಕಲ್ಲಿನ ಭಾರತೀಯ ಮಾನಕ ಐಎಸ್ 3620ರ ಪ್ರಕಾರ ಕಲ್ಲು ಹೀರುವ ನೀರಿನ ಮಿತಿ ಶೇ. 12. ಬಿಳಿ ಜೇಡಿಯ ಗಂಟುಗಳಿರುವ ಕಲ್ಲು ಬೇಡವೇ ಬೇಡ. ಸ್ಲ್ಯಾಬ್ ಕೂರುವ ಗೋಡೆಯ ತಲೆಗೆ ನಯವಾಗಿ ಗಾರೆ ಮಾಡಿ, ಎರಡು ಪದರ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಸ್ಲ್ಯಾಬ್ ಗೋಡೆಯನ್ನು ಎಳೆಯದೆ ಜಾರುತ್ತದೆ. ಒಳಗಿನ ಪ್ಲಾಸ್ಟರಿಗೆ ಆ ಸಂದಿನಲ್ಲಿ 10 ಮಿ.ಮೀ. ಕಚ್ಚು ಕೊರೆಯಲು ಮೇಸ್ತ್ರಿಗೆ ಮೊದಲೇ ಹೇಳಿಡಿ.