ಬೆಟ್ಟ ಇಳಿದು ಕಲಿತ ಗ್ರ್ಯಾಂಡ್ ಕ್ಯಾನಿಯನ್

ಬಸ್ಸಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗಿ, ಮೆಟ್ಟಿಲಲ್ಲಿ ಕೆಳಗಿಳಿದು, ಮತ್ತೆ ಮೇಲೆ ಹತ್ತೋದು. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಗೆ ಇಳಿಯೋಕೆ ಇಷ್ಟೇ ನನ್ನ ತಯಾರಿ. ನಮ್ಮ ಭಾನುವಾರದ ಗುಂಪಿನಲ್ಲಿ ಇದಕ್ಕೆ ನಗದವರಿಲ್ಲ. ‘ಏನ್ ಸಾರ್, ಟಿಕೆಟ್ ಕೊಟ್ಟು ಮೇಲೆ ಹೋದ್ಮೇಲೆ ಮತ್ತ್ಯಾಕೆ ಇಳಿದು ಹತ್ತೋದು?’ ಅಂತ. ಆದರೆ ಗ್ರ್ಯಾಂಡ್ ಕ್ಯಾನಿಯನ್ ತಲೆಕೆಳಗಾದ ಬೆಟ್ಟ ಅಲ್ವಾ? ಕಾಲಲ್ಲಿ ಕಸುವಿರುವಾಗ ಇಳಿಯಬೇಕು, ಸೋತ ಮೇಲೆ ಹತ್ತಬೇಕು.

ಸಾವಿರ ಮೆಟ್ಟಿಲಿನ ಏರು 300 ಮೀಟರ್ ಒಳಗೇ ಇದೆ. ಕ್ಯಾನಿಯನ್‌ಗೆ ಇಳಿಯುವ ಬ್ರೈಟ್ ಏಂಜೆಲ್ ಅನ್ನೋ ಕಾಲುದಾರಿಯಲ್ಲಿ, ನಡುವೆ ಸಿಗುವ ಹವಸುಪೈ ಗಾರ್ಡನ್ಸ್ ಅನ್ನೋ ತಂಗುವ ಜಾಗದವರೆಗೆ ಹೋದರೆ 900 ಮೀಟರ್ ಮೇಲೆ ಇಳಿತ, ಒಂದು ಕಡೆಗೆ 7 ಕಿ.ಮೀ. ಚಿಲ್ಲರೆ. ಹಾಗಾಗಿ ಮೂರು ಸುತ್ತು, ಆಮೇಲೆ ನಾಲ್ಕು. ನಾಲ್ಕು ಸುತ್ತು ಮಾಡಿದ್ದು ಎರಡೇ ಭಾನುವಾರ, ಸುಳ್ಳು ಯಾಕೆ ಹೇಳಲಿ. ಅರಿಶಿನ ಕುಂಕುಮ ಹಚ್ಚಿದ ಮೆಟ್ಟಿಲು ಬೆಳಗಿನ ಮಂಜಿಗೆ ಜಾರುತ್ತೆ. ಪಾದ ಅಡ್ಡ ಇಟ್ಟು ಇಳಿಯೋದನ್ನು ಅಲ್ಲೇ ಕಲಿತೆ.

2023ರ ಅಕ್ಟೋಬರ್ ಕೊನೆ, ದಸರಾ ಮುಗಿಸಿಕೊಂಡು ಹೊರಟೆವು. ನನಗೆ 57, ಎಡ ಮಂಡಿಯದು ಆಗಾಗ ತಕರಾರು. ಫೀನಿಕ್ಸ್‌ನಲ್ಲಿರುವ ಅಕ್ಕನ ಮಗ ಕಾರು ಓಡಿಸಿದ. ‘ಮಾವ, ಮೇಲಿಂದ ನೋಡ್ಕೊಂಡು ಬನ್ನಿ ಸಾಕು’ ಅಂತ ದಾರಿಯುದ್ದಕ್ಕೂ ಅದೇ ರಾಗ.

ದುಡ್ಡಿನ ವಿಷಯ. ವಿಮಾನಕ್ಕೆ ತಲೆಗೆ 1.3 ಲಕ್ಷದ ಹತ್ತಿರ ಆಯಿತು. ಪಾರ್ಕಿಗೆ ಆಗ, 2023ರಲ್ಲಿ, ಕಾರಿಗೆ 35 ಡಾಲರ್ ಇತ್ತು, ಏಳು ದಿನ ನಡೆಯುತ್ತಿತ್ತು. ಗೇಟಿನ ಪಕ್ಕದ ಟುಸಾಯನ್‌ನಲ್ಲಿ ರೂಮಿಗೆ 220 ಡಾಲರ್ ಕೇಳಿದರು. ನಾವು ಸುಮಾರು 95 ಕಿ.ಮೀ. ಹಿಂದೆ ವಿಲಿಯಮ್ಸ್ ಊರಿನಲ್ಲಿ 80ಕ್ಕೆ ಉಳಿದೆವು. ದಂಡ ಆಗಿದ್ದು ಬೂಟಿಗೆ. ಬೆಂಗಳೂರಿನಲ್ಲಿ 11,000 ಕೊಟ್ಟು ತಂದದ್ದು, ಎರಡೇ ಭಾನುವಾರಕ್ಕೆ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಯಿತು. ಇಳಿಜಾರಿನಲ್ಲಿ ಬೆರಳು ಮುಂದೆ ಹೋಗಿ ಒತ್ತುತ್ತೆ, ಒಂದು ಸೈಜು ದೊಡ್ಡದೇ ಬೇಕು. ಕೊನೆಗೆ ಹಳೇ ಬೂಟಲ್ಲೇ ಹೋದೆ.

ಮೊದಲ ದಿನವೇ ಸೋತೆ. ಕ್ಯಾನಿಯನ್‌ಗೆ ಇಳಿಯುವ ಇನ್ನೊಂದು ದಾರಿ ಸೌತ್ ಕೈಬಾಬ್. ಅದರ ಬಾಯಿಗೆ ಸ್ವಂತ ಕಾರು ಬಿಡೋದಿಲ್ಲ, ಪಾರ್ಕಿನ ಪುಕ್ಕಟೆ ಬಸ್ಸಿನಲ್ಲಿ ಹೋಗಬೇಕು. ಹೊರಟಾಗ ಹತ್ತು ಗಂಟೆ. ಆ ದಾರಿಯಲ್ಲಿ ಸಿಗುವ ಸೀಡರ್ ರಿಡ್ಜ್ ಅನ್ನೋ ಜಾಗ ಬರೀ 2.4 ಕಿ.ಮೀ., ಇಳಿದದ್ದೇ ಗೊತ್ತಾಗಲಿಲ್ಲ. ಆ ದಾರಿಯಲ್ಲಿ ಎಲ್ಲೂ ನೀರಿಲ್ಲ, ಅದು ಗೊತ್ತಿದ್ದೇ ಮೂರು ಲೀಟರ್ ಹೊತ್ತಿದ್ದೆ. ತಪ್ಪಾಗಿದ್ದು ಬೇರೆ ಕಡೆ. ಬರೀ ನೀರು ಕುಡಿದೆ, ಏನೂ ತಿನ್ನಲಿಲ್ಲ. ಹತ್ತುವಾಗ ತಲೆ ಸಿಡಿತ, ಹೊಟ್ಟೆ ತೊಳೆಸಿತು. ನೆರಳು ಕಂಡಲ್ಲೆಲ್ಲ ಕೂತು, ಎರಡು ಗಂಟೆ ಮೇಲೆ ಹಿಡಿಯಿತು. ಅಳಿಯ ಏನೂ ಅನ್ನಲಿಲ್ಲ. ಅದೇ ಜಾಸ್ತಿ ನೋವಾಯಿತು.

ಮಾರನೇ ದಿನ ಕಾಲಿಗೆ ರಜ. ಡೆಸರ್ಟ್ ವ್ಯೂ ಕಡೆ ಕಾರಲ್ಲೇ ಸುತ್ತಿ, ವಾಸ್ತುಶಿಲ್ಪಿ ಮೇರಿ ಕೋಲ್ಟರ್ 1932ರಲ್ಲಿ ಕಟ್ಟಿಸಿದ ಕಲ್ಲಿನ ಗೋಪುರ ಹತ್ತಿದೆವು. ನಕ್ಷೆಯಲ್ಲಿ ವಿಷ್ಣು ಟೆಂಪಲ್, ಶಿವ ಟೆಂಪಲ್, ಬ್ರಹ್ಮ ಟೆಂಪಲ್ ಅಂತ ಹೆಸರು ನೋಡಿ ನಮ್ಮ ಮನೆಯವರು ಕೈಮುಗಿಯೋಕೆ ರೆಡಿಯಾದರು. ಎಲ್ಲ ಬರೀ ಬಂಡೆಯ ಶಿಖರಗಳು. ತಳದ ಕಪ್ಪು ಕಲ್ಲಿಗೂ ವಿಷ್ಣುವಿನದೇ ಹೆಸರು, ವಯಸ್ಸು 170 ಕೋಟಿ ವರ್ಷ.

ಮೂರನೇ ದಿನ ಬೆಳಕು ಹರಿಯುವ ಹೊತ್ತಿಗೆ ಬ್ರೈಟ್ ಏಂಜೆಲ್. ಮೇಲೆ ಸೊನ್ನೆಯ ಹತ್ತಿರ ಚಳಿ. ಈ ಸಲ ಮನೆಯ ರಾಗಿ ಹುರಿಹಿಟ್ಟು, ಮಂಡ್ಯದ ಬೆಲ್ಲ, ಉಪ್ಪು, ಒಂದು ಚೀಲ ಕೋಡುಬಳೆ. ಹುರಿಹಿಟ್ಟಿನಲ್ಲಿ ಇನ್ನೊಂದು ಸಾಮಾನಿದೆ, ಅದನ್ನು ಇಲ್ಲಿ ಹೇಳೋದಿಲ್ಲ. ಅರ್ಧ ಗಂಟೆಗೊಮ್ಮೆ, ಹಸಿವಿರಲಿ ಬಿಡಲಿ, ಎರಡು ಕೋಡುಬಳೆ ಕಡಿದು ನಾಲ್ಕು ಗುಟುಕು ನೀರು. ಆ ಒಣಗಾಳಿಗೆ ಕೋಡುಬಳೆ ಕೊನೇವರೆಗೂ ಕರುಂ ಕುರುಂ ಅಂತಲೇ ಇತ್ತು.

ಹೇಸರಗತ್ತೆಗಳ ಸಾಲು ಬಂದರೆ ಗೋಡೆ ಕಡೆ ಒತ್ತಿಕೊಂಡು ಅಲುಗಾಡದೆ ನಿಲ್ಲಬೇಕು, ಪ್ರಪಾತದ ಕಡೆ ಅಲ್ಲ. ಅವು ಹೋದಮೇಲೆ ಮರದ ದಿಮ್ಮಿಯ ಮೆಟ್ಟಿಲ ನಡುವೆ ಗಂಜಲದ ಹೊಂಡ. ಅಡ್ಡಪಾದದ ಅಭ್ಯಾಸ ಅಲ್ಲಿ ಕೆಲಸಕ್ಕೆ ಬಂತು.

ಸುಮ್ನೆ ಒಂದು ಪ್ರಯೋಗವೂ ಮಾಡಿದೆ. ಚೌಕ ನೆನೆಸಿ ಕತ್ತಿಗೆ ಸುತ್ತಿದೆ. ಹಿಂಡದೆ ಹಾಕಿದರೆ ಇಪ್ಪತ್ತು ನಿಮಿಷ ತಂಪು, ಹಿಂಡಿ ಹಾಕಿದರೆ ಹತ್ತೂ ಇಲ್ಲ. ಜೇಬಿನ ಥರ್ಮಾಮೀಟರ್ ಕೆಳಗೆ 18-19 ಡಿಗ್ರಿ ತೋರಿಸಿತು.

ಗಾರ್ಡನ್ಸ್‌ನಲ್ಲಿ ಕಾಟನ್‌ವುಡ್ ಮರಗಳ ಎಲೆ ಹಳದಿಯಾಗಿತ್ತು, ಪಕ್ಕದಲ್ಲಿ ಸಣ್ಣ ತೊರೆ. ಬೂಟು ಬಿಚ್ಚಿ ಕೂತೆ. ತಳದ ಕೊಲರಾಡೊ ನದಿ ಇನ್ನೂ ಎಷ್ಟೋ ಕೆಳಗೆ. ಆಸೆಯಾಯಿತು, ಹೋಗಲಿಲ್ಲ. ಅದು ಒಂದೇ ದಿನದ ಕೆಲಸ ಅಲ್ಲ.

ಇಳಿಯೋಕೆ ಎರಡೂವರೆ ಗಂಟೆ ಹಿಡಿದಿತ್ತು. ಹತ್ತೋಕೆ ದುಪ್ಪಟ್ಟು ಅಂತ ಪಾರ್ಕಿನವರ ಲೆಕ್ಕ. ನನಗೆ ನಾಲ್ಕೂಕಾಲೋ ನಾಲ್ಕೂವರೆಯೋ. ಮಂಡಿ ಒಂದು ಮಾತೂ ಆಡಲಿಲ್ಲ. ಕೊನೆಯ ತಿರುವುಗಳಲ್ಲಿ ಅಳಿಯ ಹಿಂದೆ ಬಿದ್ದ, 31 ವರ್ಷದ ಹುಡುಗ. ‘ಮಾವ, ಕೋಡುಬಳೆ ಉಳಿದಿದ್ಯಾ?’ ಅಂತ ಕೂಗಿದ.

ಆ 11,000ದ ಬೂಟು ಇನ್ನೂ ಡಬ್ಬದಲ್ಲೇ ಇದೆ. ಸೈಜು 9. ಬೇಕಾದವರು ಅರ್ಧ ಬೆಲೆಗೆ ತಗೊಳ್ಳಬಹುದು, ಕಾಲು 8 ಇದ್ದರೆ ಮಾತ್ರ.